ಕರ್ಪೂರದ ಪೆಟ್ಟಿಗೆಯ ಬೆನ್ನು

ನನ್ನ ಅಪ್ಪಾಜಿಗೆ, ಅಜ್ಜಂಪುರದ ಮನೆಯಿಂದ ನಿಮ್ಮ ಗಿರಿಜೆ ಕೈಮುಗಿದು ಬರೆಯುವುದು.

ಉಭಯ ಕುಶಲೋಪರಿ ಎಂದು ಶುರುಮಾಡಲು ಹೋದೆ, ಲೇಖನಿ ಅಲ್ಲೇ ನಿಂತಿತು. ನಮ್ಮ ಕಡೆಯ ಕುಶಲವನ್ನು ನಾನು ಹೇಳಬಲ್ಲೆ. ನಿಮ್ಮ ಕಡೆಯದು... ಕಡೂರಿನ ತೋಟದ ಮೂಲೆಯಲ್ಲಿ ನಿಮ್ಮನ್ನು ಕೂರಿಸಿ, ವಿಭೂತಿ ಸುರಿದು ಎಲ್ಲರೂ ಹಿಂದಿರುಗಿದ ಮೇಲೆ ಅದನ್ನು ಯಾರನ್ನು ಕೇಳಲಿ? ಇಲ್ಲಿ ಈಗ ಮಧ್ಯಾಹ್ನ. ನಿಮ್ಮ ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಾಳೆ. ನೀವು ಹೋದಾಗ ನನ್ನ ಹೊಟ್ಟೆಯಲ್ಲಿದ್ದವಳಿಗೆ ಈಗ ಆರು ತಿಂಗಳಾಗುತ್ತಾ ಬಂತು. ಅವಳು ಮಲಗಿರುವಾಗಲೇ ನೀನೂ ಮಲಗು ಎಂದು ಅತ್ತೆ ಗದರಿ ಹೋಗಿದ್ದಾರೆ. ಆದರೆ ಈಚೆಗೆ ನನ್ನ ನಿದ್ದೆ ಎಂದರೆ ತೊಟ್ಟಿಲ ಹಗ್ಗ ಹಿಡಿದುಕೊಂಡು ಕಣ್ಣು ಮುಚ್ಚುವುದಷ್ಟೇ. ಮಗು ಸದ್ದು ಮಾಡಿದರೆ ಎದ್ದು ನೋಡುತ್ತೇನೆ. ಸದ್ದು ಮಾಡದಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಅದಕ್ಕೇ ಮಲಗುವ ಬದಲು ನಿಮಗೆ ಬರೆಯೋಣ ಅನ್ನಿಸಿತು. ನೀವು ಕೊಟ್ಟ ಪೆಟ್ಟಿಗೆಯ ವಿಷಯ ನಿಮಗೆ ತಿಳಿಸಬೇಕಿದೆ.

ಆ ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ನಿಮಗೆ ನೆನಪಿದೆಯಲ್ಲವೇ? ತರೀಕೆರೆಯ ಮೇಲಿನ ಗುಡ್ಡದಲ್ಲಿ ಕಾಫಿ ತೋಟದ ದೊರೆಯೊಬ್ಬರು ತೀರಿಕೊಂಡು, ದೊರೆಸಾನಿ ತಮ್ಮ ದೇಶಕ್ಕೆ ಹೊರಟಿದ್ದರು. ಬಂಗಲೆಯ ಸಾಮಾನೆಲ್ಲ ಹರಾಜು. ಕೊಬ್ಬರಿ ಅಂಗಡಿಗೆ ಒಂದು ಒಳ್ಳೆಯ ತಕ್ಕಡಿ ತರುತ್ತೇನೆಂದು ಹೋದ ನೀವು ಗಾಡಿಯಲ್ಲಿ ಈ ಕಪ್ಪು ಪೆಟ್ಟಿಗೆಯನ್ನು ಹೇರಿಕೊಂಡು ಬಂದಿರಿ. ಅಮ್ಮ ಬಾಗಿಲಲ್ಲೇ ನಿಂತು, "ತಕ್ಕಡಿ ತತ್ತೀನಿ ಅಂತ ಹೋದೋರು, ಇದ್ರಾಗೆ ಕೊಬ್ಬರಿ ತೂಗ್ತೀರೇನು?" ಅಂದರು. ನೀವು ಮುಚ್ಚಳ ಎತ್ತಿ, "ಮೊದ್ಲು ಮೂಸಿ ನೋಡೇ. ಚೀನಾ ದೇಶದ್ದು ಕಣೇ ಇದು" ಅಂದಿರಿ. ಯಾರು ಹೇಳಿದರೆಂದು ಅಮ್ಮ ಕೇಳಿದ್ದಕ್ಕೆ, ಹರಾಜು ಕೂಗುವವನು ಹೇಳಿದ ಎಂದಿರಿ. "ಅವನು ನಮ್ಮ ಎಮ್ಮೇನೂ ವಿಲಾಯ್ತಿದು ಅಂತ ಕೂಗ್ತಾನೆ" ಎಂದು ಅಮ್ಮ ಒಳಗೆ ಹೋದರು. ನಾನು ಮಾತ್ರ ಪೆಟ್ಟಿಗೆಯೊಳಗೆ ತಲೆಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ. ಮಂಗಳಾರತಿ ಮುಗಿದ ಮೇಲೆ ಗುಡಿಯಲ್ಲಿ ಉಳಿಯುವ ವಾಸನೆ.

ನನ್ನ ಮದುವೆಯ ಮರುದಿನ ಅದೂ ನನ್ನ ಜೊತೆ ರೈಲು ಹತ್ತಿತು. ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿಸಿದ ಕೂಲಿಯವನು ಮೂಗರಳಿಸಿ, "ಏನವ್ವಾ, ಒಳಗೆ ದೇವರಿದ್ದಾನಾ?" ಎಂದು ಕೇಳಿದ್ದ. ಅತ್ತೆಗೂ ಹಾಗೇ ಅನ್ನಿಸಿರಬೇಕು. ಕರ್ಪೂರದ ವಾಸನೆಯದು ಎಂದು ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದರು. ಪ್ರತಿ ಸೋಮವಾರ ದೇವರ ಮನೆಯ ಬಾಗಿಲಿಗೆ ಹೇಗೋ ಹಾಗೆ ಇದಕ್ಕೂ ಎಣ್ಣೆ ಸವರಿ ಒರೆಸುತ್ತಿದ್ದರು. ಹಿತ್ತಾಳೆಯ ಮೂಲೆಕಟ್ಟುಗಳಿಗೆ ಹುಣಸೆಹಣ್ಣಿನ ಸೇವೆ ಬೇರೆ. ಬಾಣಂತನ ಮುಗಿಸಿ ನಾನು ಕಡೂರಿನಿಂದ ಮಗು ಎತ್ತಿಕೊಂಡು ಬಂದಾಗ ಅದರ ಕುಲಾವಿ, ಅಂಗಿ, ಹಳೇ ಸೀರೆಯ ಬಟ್ಟೆಗಳನ್ನೆಲ್ಲ ಅತ್ತೆಯೇ ಅದರಲ್ಲಿ ಜೋಡಿಸಿಟ್ಟರು. ತೊಟ್ಟಿಲು ಅದರ ಪಕ್ಕದಲ್ಲೇ ತೂಗಿತು. ಎಲ್ಲ ಸರಿಯಾಗಿತ್ತು, ಅಪ್ಪಾಜಿ. ಮಗು ರಾತ್ರಿ ಅಳುತ್ತಿತ್ತು ಎನ್ನುವುದೊಂದು ಬಿಟ್ಟರೆ.

ಹೋದ ತಿಂಗಳು ತರೀಕೆರೆಯ ಚಿಕ್ಕತ್ತೆ ಮಗುವನ್ನು ನೋಡಲು ಬಂದರು. ನಮ್ಮ ಅತ್ತೆಯ ತಂಗಿ. ನನ್ನ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ನಿಮ್ಮೆದುರಿಗೇ ಹೇಳಿದವರು. ಅವರ ಯಜಮಾನರು ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುವ ಕಡೆ ಮೇಸ್ತ್ರಿಯಾಗಿದ್ದಾಗ ಅಲ್ಲೇ ಸಂಸಾರ ಮಾಡಿದ್ದರು. ಕೋಣೆಗೆ ಬಂದವರು ಮಗುವಿನ ಮುಖ ನೋಡುವ ಮೊದಲು ಪೆಟ್ಟಿಗೆ ನೋಡಿ ನಿಂತುಬಿಟ್ಟರು. "ಅಕ್ಕಾ, ಇದನ್ಯಾಕೆ ಮನೇಲಿಟ್ಟೀರಿ?" ಅಂದರು. ಅಲ್ಲಿ ಒಬ್ಬ ದೊರೆಯ ಕೂಸು ಜ್ವರದಲ್ಲಿ ಹೋದಾಗ ಅವರು ಕಣ್ಣಾರೆ ನೋಡಿದ್ದರಂತೆ. ಇಷ್ಟೇ ಉದ್ದದ ಕಪ್ಪು ಪೆಟ್ಟಿಗೆ, ಎರಡೂ ತುದಿಗೆ ಹಿತ್ತಾಳೆ ಹಿಡಿ, ಅದರಲ್ಲಿ ಮಗುವನ್ನು ಮಲಗಿಸಿ ಹೂಳಿದರಂತೆ. "ಕರ್ಪೂರ ಯಾಕೆ ಅಂದ್ಕಂಡೀರಿ? ಹೆಣ ಕೆಡಬಾರ್ದು ಅಂತ. ಕೂಸು ರಾತ್ರಿಯೆಲ್ಲ ಅಳ್ತೈತೆ ಅಂತೀರಿ. ಅಳದೇ ಇನ್ನೇನ್ ಮಾಡ್ತೈತೆ?"

ಅತ್ತೆಯ ಮುಖ ನೀವು ನೋಡಬೇಕಿತ್ತು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತೇವೆ; ಸತ್ತವರಿಗೊಂದು ಪೆಟ್ಟಿಗೆ ಎನ್ನುವುದನ್ನು ಅವರು ಕಂಡವರಲ್ಲ. ತಾವು ವಿಭೂತಿ ಹಚ್ಚಿದ್ದು ಯಾವುದಕ್ಕೆ ಎಂದುಕೊಂಡರೋ, ಆ ಕ್ಷಣವೇ ಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿದರು. ಪೆಟ್ಟಿಗೆ ಹಿತ್ತಲ ಮಾಡಿಗೆ ಹೋಯಿತು. ಒಡೆದು ಬಚ್ಚಲೊಲೆಗೆ ಹಾಕಿ ಎಂದು ಚಿಕ್ಕತ್ತೆ. ನಾನು ಅಡ್ಡ ಬಂದೆ. ಅತ್ತೆ ನನ್ನ ಮುಖ, ತಂಗಿಯ ಮುಖ ಎರಡೂ ನೋಡಿ, "ಅವರಪ್ಪ ಕೊಟ್ಟಿದ್ದು. ಅಮಾಸೆ ತನಕ ಇರ್ಲಿ. ಅಷ್ಟರಾಗೆ ಅದು ಏನು, ಎಲ್ಲೀದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಕೊಡ್ಲಿ ಹಾಕ್ಸೋದೇ" ಅಂದರು.

ಹಗಲಲ್ಲಿ ನಾನು ನಕ್ಕೆ. ಇಂಟರ್‌ಮೀಡಿಯೆಟ್ ಓದಿದವಳು, ಮೈಸೂರಿನ ಹಾಸ್ಟೆಲಿನಲ್ಲಿ ದೆವ್ವಕ್ಕೆ ಹೆದರಿದವರನ್ನು ಗೇಲಿ ಮಾಡಿದವಳು ನಗದೆ ಏನು ಮಾಡಬೇಕು? ಆದರೆ ಅಪ್ಪಾಜಿ, ಮಗು ಸಂಜೆಯಿಂದ ಚೀರತೊಡಗಿದರೆ ಓದಿದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಅಳತೆ ಮನಸ್ಸಿಗೆ ಬರುತ್ತಿತ್ತು. ಹೌದಲ್ಲ, ಅದರ ಉದ್ದ ಒಂದು ಮಗುವಿನಷ್ಟೇ. ಎರಡೂ ಕಡೆ ಹಿಡಿ. ಸತ್ತವರ ಬಂಗಲೆಯಿಂದಲೇ ಬಂದದ್ದು. ನೀವು ಮುದ್ದಿನಿಂದ ನನಗೆ ಕೊಟ್ಟ ವಸ್ತು ಅಂಥದಾಗಿದ್ದರೆ... ವಾಕ್ಯವನ್ನು ಮುಗಿಸಲಾರದೆ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದೆ. ಒಲೆಗೆ ಹಾಕಿಸಿಬಿಡೋಣ ಎಂದು ನಾನೇ ಹೇಳಲು ಎರಡು ಸಲ ಅಡಿಗೆಮನೆಯವರೆಗೆ ಹೋಗಿ ಬಂದದ್ದೂ ಉಂಟು.

ಯಗಟಿಯಿಂದ ಕೊಬ್ಬರಿ ಮೂಟೆ ಬಂದ ಒಂದು ದಿನ ಆಗ ನೆನಪಾಯಿತು. ಮೂಟೆ ತಂದವರು ಇದು ಸಖರಾಯಪಟ್ಟಣದ ಮಾಲು ಎಂದು ಸಾಧಿಸುತ್ತಿದ್ದರು. ನೀವು ಒಂದು ಬಟ್ಟಲು ಕೊಬ್ಬರಿ ತೆಗೆದುಕೊಂಡು, ಬೆಳ್ಳಗಿದ್ದ ಒಳಭಾಗವನ್ನು ನೋಡದೆ ಮಗುಚಿ ಬೆನ್ನು ನೋಡಿದಿರಿ, ಉಗುರಿನಿಂದ ಕೆರೆದು ಮೂಸಿದಿರಿ. "ಯಗಟೀದು ಯಗಟೀದು ಅನ್ನಪ್ಪ, ಅದಕ್ಕೇನು ಅವಮಾನ? ನಾನೇನು ತಗಳಲ್ಲ ಅಂದ್ನಾ?" ಅಂದಿರಿ. ಅವರು ನಕ್ಕು ಒಪ್ಪಿಕೊಂಡರು. ಹೇಗೆ ಗೊತ್ತಾಯಿತು ಎಂದು ನಾನು ಕೇಳಿದ್ದಕ್ಕೆ, "ಮುಖ ಎಲ್ರೂ ತೊಳ್ಕಂಡು ಬಂದಿರ್ತಾರೆ ಮಗಾ. ಬೆನ್ನು ತೊಳೆಯೋದು ಯಾರಿಗೂ ನೆನಪಿರಲ್ಲ" ಅಂದಿರಿ. ನಾನು ಹಿತ್ತಲಿಗೆ ಹೋಗಿ ನೋಡಿದೆ. ಪೆಟ್ಟಿಗೆಯ ಬೆನ್ನು ಇಲ್ಲೂ ಗೋಡೆಗೇ ಇತ್ತು, ಕಡೂರಿನಲ್ಲೂ ಗೋಡೆಗೇ ಇತ್ತು. ಅದನ್ನು ನೀವು ಕೂಡ ನೋಡಿರಲಿಲ್ಲವೇ? ಕೊಬ್ಬರಿಗೆ ಮೋಸ ಹೋಗದ ಮೂಗು ಕರ್ಪೂರಕ್ಕೆ ಸೋತುಹೋಯಿತೇನೋ.

ಅಂಗಡಿಗೆ ರಜೆಯಿದ್ದ ದಿನ ನಿಮ್ಮ ಅಳಿಯನ ಕೈಯಲ್ಲಿ ಪೆಟ್ಟಿಗೆ ತಿರುಗಿಸಿದೆ. ಮುಂದೆ, ಮೇಲೆ, ಎರಡು ಪಕ್ಕ, ಎಲ್ಲ ಕಡೆ ಕಪ್ಪು ಹೊಳಪು. ಬೆನ್ನಿಗೆ ಬಣ್ಣವೇ ಇಲ್ಲ. ಬರೀ ಮರ, ಕೆಂಪು ಮಿಶ್ರಿತ ಹಳದಿ. ನನ್ನ ಎದೆಯ ಮೇಲಿದ್ದ ಕಲ್ಲು ಮೊದಲು ಸರಿದದ್ದು ಆಗಲೇ. ಹೆಣದ ಪೆಟ್ಟಿಗೆಯ ಸುತ್ತ ಜನ ನಿಲ್ಲುತ್ತಾರೆ, ಅದಕ್ಕೆ ಹಿಂದು ಮುಂದು ಎಲ್ಲಿರುತ್ತದೆ? ಇದು ಗೋಡೆಗೆ ಒರಗಿ ನಿಲ್ಲಲೆಂದೇ ಮಾಡಿದ್ದು. ಆಮೇಲೆ ಒಂದೊಂದೇ ಕಾಣತೊಡಗಿತು. ಮುಚ್ಚಳದ ಅಂಚಿನ ನಡುವೆ, ಕೈ ಹಾಕಿ ಎತ್ತುವ ಜಾಗದಲ್ಲಿ, ಕಪ್ಪು ಸವೆದು ಮರ ಇಣುಕುತ್ತಿತ್ತು. ಹೂಳುವುದನ್ನು ಒಂದು ಸಲ ಮುಚ್ಚಿದರೆ ಮುಗಿಯಿತು. ಇದನ್ನು ಯಾರೋ ವರ್ಷಗಟ್ಟಲೆ ತೆರೆದು ಮುಚ್ಚಿದ್ದಾರೆ. ಹಿಡಿಗಳನ್ನು ನೋಡಿದವರು ನಿಮ್ಮ ಅಳಿಯ. ಹೊರಕ್ಕೆ ಚಾಚಿಕೊಳ್ಳದಂತೆ ಮರದೊಳಗೆ ಗುಳಿ ತೋಡಿ ಕೂರಿಸಿದ್ದರು. "ನೋಡು, ದೂರದ ಪಯಣದಾಗೆ ಪೆಟ್ಟಿಗೆ ಒತ್ತೊತ್ತಾಗಿ ಜೋಡಿಸ್ಬೇಕಾದ್ರೆ ಹಿಡಿ ಹಿಂಗಿರ್ಬೇಕು. ಇದು ಹಡಗಿನಾಗೆ ಬಂದಿರೋದೇ" ಅಂದರು.

ಇನ್ನೂ ನಮ್ಮಲ್ಲೇ ಉಳಿದಿದ್ದ ಚಿಕ್ಕತ್ತೆ ನಿಂತು ನೋಡಿ, "ಅಕ್ಕಾ ಬಾ ಇಲ್ಲಿ, ಕಾಲೇಜು ಓದಿದ ನಿನ್ನ ಸೊಸೆ ಪೆಟ್ಟಿಗೆ ಕುಂಡಿ ಮೂಸ್ತಾ ಅವಳೆ" ಎಂದು ಕೂಗಿದರು. ನಾನು ನಿಜವಾಗಿ ಮೂಸುತ್ತಲೇ ಇದ್ದೆ. ತಳದ ಮೂಲೆಯಲ್ಲಿ ಚಾಕುವಿನಿಂದ ಒಂದು ಚೂರು ಹೆರೆದಿದ್ದೆ. ಅಷ್ಟು ವರ್ಷದ ಹಳೆಯ ಮರ, ಆದರೂ ವಾಸನೆ ಆಗಷ್ಟೇ ಹುಟ್ಟಿದಂತೆ ಮೇಲೆದ್ದು ಬಂತು. ಚಿಕ್ಕತ್ತೆಗೂ ಹಿಡಿದೆ. "ಯಾರೂ ಕರ್ಪೂರ ಸುರಿದಿಲ್ಲ ಚಿಕ್ಕತ್ತೆ, ಮರವೇ ಕರ್ಪೂರದ್ದು" ಅಂದೆ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರು ಒಮ್ಮೆ ಇದರ ಎಲೆಯನ್ನು ಹಿಸುಕಿ ನಮ್ಮೆಲ್ಲರ ಕೈಗೆ ಕೊಟ್ಟಿದ್ದರು. ನಮ್ಮ ಸೀಮೆಯಲ್ಲಿ ಯಾವುದೋ ತೋಟದಲ್ಲಿ ನೆಟ್ಟು ಬೆಳೆಸಿದ್ದು ಬಿಟ್ಟರೆ ಕಾಡಿನಲ್ಲಿ ಇಲ್ಲ, ಇದರ ತವರು ಚೀನಾ, ಜಪಾನು ಎಂದಿದ್ದರು. ನಿಮ್ಮ ಅಳಿಯ ಬಿಡಬೇಕಲ್ಲ. ಮರ ಚೀನಾದ್ದಾದರೆ ಪೆಟ್ಟಿಗೆ ಬೊಂಬಾಯಿಯದಾಗಬಾರದೇನು, ಹಲಗೆ ತರಿಸಿ ಯಾರೋ ಮಾಡಿರಬಹುದು ಎಂದು ತೆಗೆದರು. ಸರಿಯೇ ಅನ್ನಿಸಿತು. ಮರ ಹುಟ್ಟಿದ ಊರು ಬೇರೆ, ಪೆಟ್ಟಿಗೆ ಹುಟ್ಟಿದ ಊರು ಬೇರೆ ಇರಬಹುದು.

ಅದಕ್ಕೂ ಬೆನ್ನೇ ಉತ್ತರ ಕೊಟ್ಟಿತು. ಒಣಬಟ್ಟೆಯಲ್ಲಿ ಧೂಳು ಒರೆಸಿದೆ. ಹುಣಸೆಹಣ್ಣು ಹಿಡಿದು ಬಂದ ಅತ್ತೆಯನ್ನು ತಡೆದು ನಿಲ್ಲಿಸಬೇಕಾಯಿತು. ಹಲಗೆಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡ ಮೂಲೆಗಳಲ್ಲಿ ಮಸಿಯ ಗುರುತುಗಳಿದ್ದವು. ಈ ಹಲಗೆಗೆ ಇದೇ ಜೋಡಿ ಎಂದು ಬಡಗಿ ಹಾಕಿಕೊಳ್ಳುತ್ತಾನಲ್ಲ, ಹಾಗೆ. ನಡುವೆ ಕುಂಚದಲ್ಲಿ ಬರೆದ ಒಂದು ಸಾಲು, ಚೀನಾದವರು ಬರೆಯುವ ಹಾಗೆ ಮೇಲಿನಿಂದ ಕೆಳಕ್ಕೆ. ಬೊಂಬಾಯಿಯ ಬಡಗಿ ಹಾಗೆ ಗುರುತು ಹಾಕುತ್ತಾನೆಯೇ? ಇಲ್ಲ ಎಂದು ಇವರೂ ಒಪ್ಪಿದರು. ಅತ್ತೆ ಮಾತ್ರ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಎಲ್ಲೀದು ಅಂತ ಗೊತ್ತಾಯ್ತು, ಸರಿ. ಏನು ಅಂತ ಬರೆದೈತೋ ಯಾರಿಗ್ಗೊತ್ತು? ಸತ್ತೋರ ಹೆಸ್ರಿದ್ರೆ?" ಅಂದರು. ಆ ಅಕ್ಷರ ಓದಬಲ್ಲವರು ಅಜ್ಜಂಪುರದಲ್ಲಿ ಯಾರಿದ್ದರು? ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಸಂತೆಯ ದಿನ ಬೀದಿಯಲ್ಲಿ ಚೀನಾ ರೇಷ್ಮೆಯವನ ಕೂಗು ಕೇಳಿಸಿತು. ನಮ್ಮ ಕಡೂರಿಗೂ ಬರುತ್ತಿದ್ದನಲ್ಲ ಅಂಥವನೊಬ್ಬ, ಬಟ್ಟೆಯ ಗಂಟನ್ನು ಬೆನ್ನಿಗೆ ಹಾಕಿಕೊಂಡು? ಇವನು ಬೇರೆಯವನು, ಹಿಂದೂಸ್ತಾನಿಯಲ್ಲಿ ಒಂದಿಷ್ಟು ಕನ್ನಡ ಬೆರೆಸುತ್ತಾನೆ. ನಾನು ಕರೆಯುವ ಮೊದಲೇ ಅತ್ತೆ ಕರೆದು, ಗಂಟು ಬಿಚ್ಚಲೂ ಬಿಡದೆ ಹಿತ್ತಲಿಗೆ ಕರೆದೊಯ್ದು, "ಏನಪ್ಪಾ, ನಿಮ್ಮ ದೇಶದಾಗೆ ಸತ್ತ ಮಕ್ಕಳನ್ನ ಇಂಥದ್ರಾಗಿಟ್ಟು ಹೂಳ್ತೀರೇನು?" ಎಂದು ಕೇಳಿಯೇಬಿಟ್ಟರು. ಅವನಿಗೆ ಅರ್ಥವಾಗಲಿಲ್ಲ. ಅಂಗಡಿಯಿಂದ ಊಟಕ್ಕೆ ಬಂದಿದ್ದ ನಿಮ್ಮ ಅಳಿಯ ಹಿಂದೂಸ್ತಾನಿಯಲ್ಲಿ ಹೇಳಿದರು. ನಗುತ್ತಿದ್ದವನ ಮುಖ ಗಂಭೀರವಾಯಿತು. "ಇಲ್ಲ ಅಮ್ಮಾ. ಸತ್ತೋರಿಗೆ ಮರ ದಪ್ಪ, ಇಷ್ಟು ದಪ್ಪ, ಬಾಳ ಜನ ಹೊರಬೇಕು. ಇದು ಮದುವೆ ಪೆಟ್ಟಿ. ಹುಡುಗಿ ಮದುವೆ, ಬಟ್ಟೆ ಇಡೋದು" ಅಂದ. ನಾನು ತೊಟ್ಟಿಲಿನಿಂದ ಎತ್ತಿಕೊಂಡು ಬಂದಿದ್ದ ಮಗು ಅವನನ್ನೇ ನೋಡುತ್ತಿತ್ತು. ಉಸಿರು ಬಿಟ್ಟದ್ದು ಅತ್ತೆಯೋ ನಾನೋ ತಿಳಿಯಲಿಲ್ಲ.

ಅವನು ಮೊಣಕಾಲೂರಿ ಕುಳಿತು ಸಾಲಿನ ಮೇಲೆ ಬೆರಳು ಎಳೆದದ್ದು ಈಗಲೂ ಕಣ್ಣ ಮುಂದಿದೆ. "ಇದು ಅಂಗಡಿ ಹೆಸರು. ಇದು ಊರು, ಕ್ಯಾಂಟನ್. ನಮ್ಮ ಊರಲ್ಲ. ನಮ್ಮದು ದೂರ, ಅವರ ಮಾತು ನನಗೆ ಬರಲ್ಲ. ಅಕ್ಷರ ಒಂದೇ." ಹುಡುಗಿಯ ಪೆಟ್ಟಿಗೆಗೆ ಹಡಗಿನ ಹಿಡಿ ಯಾಕೆ ಎಂದು ನಾನು ಕೇಳಿದೆ. ಆ ಊರಿನವರು ಬಹಳ ಚಾಲಾಕಿನವರಂತೆ. ತಮ್ಮ ಹೆಣ್ಣುಮಕ್ಕಳಿಗೆ ಮಾಡುವ ಪೆಟ್ಟಿಗೆಯನ್ನೇ ಹಡಗಿನ ದೊರೆಗಳಿಗೆ ಬೇಕಾದ ಹಾಗೆ ತಿದ್ದಿ, ಹಿತ್ತಾಳೆ ಕಟ್ಟಿ ಮಾರುತ್ತಾರಂತೆ. ಅವನ ಸೀಮೆಯ ಆಚೆ ಕೆಲವು ಕಡೆ ಹೆಣ್ಣು ಹುಟ್ಟಿದರೆ ಮನೆ ಮುಂದೆ ಈ ಗಿಡ ನೆಡುವುದುಂಟು, ಮದುವೆಗೆ ಅದನ್ನೇ ಕಡಿದು ಪೆಟ್ಟಿಗೆ ಮಾಡಿಸುವುದುಂಟು ಎಂದೂ ಹೇಳಿದ. ನಿನಗೆ ಮಕ್ಕಳೆಷ್ಟಪ್ಪಾ ಎಂದು ಅತ್ತೆ ಕೇಳಿದರು. "ಒಂದು. ಹುಡುಗಿ" ಅಂದ. ಅವಳನ್ನು ನೋಡಿ ಎಷ್ಟು ಕಾಲವಾಯಿತು ಎಂದು ಯಾರೂ ಕೇಳಲಿಲ್ಲ. ಅತ್ತೆ ಒಳಗೆ ಹೋಗಿ ಅವನಿಗೆ ಮಜ್ಜಿಗೆ ತಂದುಕೊಟ್ಟರು. ಕುಡಿದು ಬಾಯಿ ಒರೆಸಿಕೊಂಡವನೇ ಗಂಟು ಬಿಚ್ಚಿದ: "ಪೆಟ್ಟಿ ಚೀನಾ. ಒಳಗೆ ಬಟ್ಟೆ ಬೇರೆ ದೇಶದ್ದಿದ್ರೆ ಪೆಟ್ಟಿಗೆ ಬೇಜಾರು ಅಮ್ಮಾ." ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಕುಲಾವಿಗೊಂದು ತುಂಡು ಕೊಂಡರು, ಚೌಕಾಸಿ ಮಾಡದೆ. ಅವರು ಚೌಕಾಸಿ ಮಾಡದೆ ಏನನ್ನಾದರೂ ಕೊಂಡದ್ದನ್ನು ನಾನು ಮತ್ತೆ ನೋಡುತ್ತೇನೋ ಇಲ್ಲವೋ.

ಅಮಾವಾಸ್ಯೆ ಬಂತು, ಹೋಯಿತು. ಪೆಟ್ಟಿಗೆ ಕೋಣೆಗೆ ಮರಳಿದೆ. ಬೆನ್ನು ಕಾಣುವ ಹಾಗೆ ಸ್ವಲ್ಪ ಓರೆಯಾಗಿ ಇಡಿಸಿದ್ದೇನೆ; ಮನೆಗೆ ಬಂದವರಿಗೆಲ್ಲ ಅತ್ತೆಯೇ ಅಕ್ಷರ ತೋರಿಸಿ, "ಕ್ಯಾಂಟನ್ ಅಂತ ಬರೆದೈತೆ" ಎಂದು ಓದಿ ಹೇಳುತ್ತಾರೆ. ಊರಿಗೆ ಹೋಗಿದ್ದ ಚಿಕ್ಕತ್ತೆ ಮೊನ್ನೆ ಮತ್ತೆ ಬಂದವರು ಕಂಕುಳಲ್ಲಿ ಒಂದು ಗಂಟು ತಂದಿದ್ದರು. ಅವರ ಧಾರೆ ಸೀರೆ. ತರೀಕೆರೆಯಲ್ಲಿ ನುಸಿ ತಿಂದು ತೂತಾಗುತ್ತಿದೆಯಂತೆ; ಕರ್ಪೂರದ ಹತ್ತಿರ ನುಸಿ ಸುಳಿಯುವುದಿಲ್ಲವಲ್ಲ. "ನಾನೇನು ಆವಾಗ ಸುಳ್ಳು ಹೇಳಿರ್ಲಿಲ್ಲ ಕಣೇ ಗಿರಿಜಾ, ಅದೂ ಹಿಂಗೇ ಇತ್ತು" ಎನ್ನುತ್ತಲೇ ಮುಚ್ಚಳ ತೆಗೆದು ಸೀರೆಯನ್ನು ಎಲ್ಲಕ್ಕಿಂತ ಮೇಲಿಟ್ಟರು. ಅವರು ಕಂಡ ಆ ಕೂಸಿನ ತಾಯಿ ಈಗ ಎಲ್ಲಿದ್ದಾಳೋ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಆದರೆ ಹೆದರಿಕೆಯಾಗಲಿಲ್ಲ, ಅಪ್ಪಾಜಿ.

ಅಳು ಮಾತ್ರ ನಿಂತಿರಲಿಲ್ಲ. ಪೆಟ್ಟಿಗೆಯ ದೋಷವಲ್ಲವಾದರೆ ಮತ್ತೆ ಯಾವುದು? ಹೊಟ್ಟೆ ನೋವೇ, ದೃಷ್ಟಿಯೇ, ನನ್ನ ಹಾಲೇ... ಅದಕ್ಕೆ ಉತ್ತರ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ನಿಮಗೆ ಬರೆಯಲು ಕೂತದ್ದೂ ಅದಕ್ಕೇ. ಪೆಟ್ಟಿಗೆಯೊಳಗೆ ಪಕ್ಕಕ್ಕೆ ಒಂದು ಸಣ್ಣ ಅರೆ ಇದೆಯಲ್ಲ, ಅದರ ಪುಟ್ಟ ಮುಚ್ಚಳ ತೆಗೆದಿಟ್ಟು ಬಟ್ಟೆ ಮಡಿಸುತ್ತಿದ್ದೆ. ತಿರುಗಿ ನೋಡಿದರೆ ನನ್ನ ತೊಡೆಯ ಮೇಲಿದ್ದವಳು ಆ ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು ಅಗಿಯುತ್ತಿದ್ದಾಳೆ. ಕರ್ಪೂರದ ಮರ ಮಗುವಿನ ಬಾಯಿಗೆ ಹೋಗಬಹುದೇ? ಕಿತ್ತುಕೊಂಡು, ಬಾಯಿ ಒರೆಸಿ, ಎಷ್ಟು ಹೋಗಿದೆಯೋ ಎಂದು ಗಾಬರಿಯಿಂದ ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಣ್ಣದೊಂದು ಗೀರು, ಉಗುರಿಗೆ ಸಿಗುವಷ್ಟು. ಬರೀ ವಸಡಿನಿಂದ ಗೀರು ಹೇಗೆ ಬೀಳುತ್ತದೆ? ಅವಳ ಬಾಯಲ್ಲಿ ಬೆರಳಿಟ್ಟೆ. ಕೆಳಗೆ, ನಡುವೆ, ಅಕ್ಕಿಕಾಳಿನ ತುದಿಯಂತೆ ಒಂದು ಚುಚ್ಚಿತು.

ಇಷ್ಟು ದಿನ ಅತ್ತದ್ದು ಅದಕ್ಕೆ. ಅತ್ತೆಯನ್ನು ಕೂಗಿದೆ. ಅವರು ಬಂದು ತಾವೂ ಬೆರಳಿಟ್ಟು ನೋಡಿ, ಮೊದಲ ಹಲ್ಲು ಮೇಲೆ ಬಂದಿದ್ದರೆ ಸೋದರಮಾವನಿಗೆ ಕೇಡು, ಇದು ಕೆಳಗಿನದೇ, ಭಯವಿಲ್ಲ, ಕಡೂರಿಗೆ ಹೇಳಿಕಳಿಸು ಅಂದರು. ತಮ್ಮನಿಗೆ ಕಾರ್ಡು ಬರೆದೆ. ನಿಮಗೆ ಇದು. ಮುಚ್ಚಳದ ಅಂಚನ್ನು ಉಜ್ಜಿ ಸರಿಮಾಡಿಸೋಣ ಎಂದು ನಿಮ್ಮ ಅಳಿಯ ಅಂದರು, ನಾನು ಬೇಡವೆಂದೆ. ಇವಳು ಮದುವೆಯಾಗಿ ಹೋಗುವಾಗ ಪೆಟ್ಟಿಗೆ ಇವಳ ಜೊತೆ ಹೋಗುತ್ತದೆ. ಮುಂದೆ ಯಾವ ಊರಿನಲ್ಲೋ ಯಾರೋ ಇದನ್ನು ತಿರುಗಿಸಿ, ಮೂಸಿ, ಇದು ಎಲ್ಲಿಯದು ಎಂದು ಹುಡುಕಬಹುದು. ಮರ ಹೇಳುತ್ತದೆ, ಮಸಿ ಹೇಳುತ್ತದೆ, ಕ್ಯಾಂಟನ್ ಎಂದು ಅವರಿಗೂ ತಿಳಿಯುತ್ತದೆ. ಈ ಗೀರೊಂದು ಮಾತ್ರ ಅವರಿಗೆ ಬಗೆಹರಿಯುವುದಿಲ್ಲ. ಅದು ಅಜ್ಜಂಪುರದ್ದು, ಅಪ್ಪಾಜಿ.

ಶರಣು.
ನಿಮ್ಮ ಗಿರಿಜೆ